ಕೆಂಗೇರಿಗೆ ಹೋಗುವ ಹೊಂಗೆ ಸಾಲು

ನಮ್ಮನೆಯವರಿಗೆ ಲಕ್ವ ಹೊಡೆದ ವರ್ಷ ನಾನು ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು. ಡಾಕ್ಟರನ್ನು ಬೈದೆ, ಆಸ್ಪತ್ರೆಯ ಲಿಫ್ಟನ್ನು ಬೈದೆ, "ಹೇಗಿದಾರೆ ಈಗ?" ಎಂದು ಕೇಳಲು ಬಂದು ರೋಗಿಗೆ ತಂದ ಸೇಬನ್ನು ತಾವೇ ತಿಂದು ಹೋಗುವ ನೆಂಟರನ್ನು ಬೈದೆ. ಕಾಮಾಕ್ಷಿಪಾಳ್ಯದ ಸರ್ಕಾರಿ ಶಾಲೆಯಲ್ಲಿ ನಿವೃತ್ತಿಯವರೆಗೆ ಗಂಟಲು ಹರಿದುಕೊಂಡವಳು ನಾನು. ಮೆಲ್ಲಗೆ ಮಾತಾಡುವುದು ನನಗೆ ಬರುವುದಿಲ್ಲ. ಅವರನ್ನು ಮಾತ್ರ ಬೈಯಲಿಲ್ಲ. ಎಡಗೈ ಎಡಗಾಲು ಸ್ವಾಧೀನ ತಪ್ಪಿ, ಬಾಯಿ ಒಂದು ಕಡೆ ಸೊಟ್ಟಗಾಗಿ ಮಲಗಿದ ಮನುಷ್ಯನನ್ನು ಯಾವ ಬಾಯಲ್ಲಿ ಬೈಯಲಿ?

ಅವರು ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ದಿನವಿಡೀ ಲೇತ್ ಮೆಷಿನ್ನಿನ ಮುಂದೆ ನಿಂತೇ ಕೆಲಸ. ಸಂಜೆ ಬಸ್ಸು ಹಿಡಿದು, ವಿಜಯನಗರದಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ, ಅದರಲ್ಲೂ ನಿಂತುಕೊಂಡೇ ಕೆಂಗೇರಿ ಸೇರಿ, ಅಲ್ಲಿಂದ ನಮ್ಮ ಬಡಾವಣೆಗೆ ನಡೆದು ಬರುತ್ತಿದ್ದರು. ಅಂಥ ಕಾಲುಗಳು. ಆ ಕಾಲುಗಳನ್ನು ಮತ್ತೆ ನೆಲಕ್ಕೆ ಊರಿಸುವುದು ಹೇಗೆ ಅನ್ನುವುದೊಂದೇ ಆಗ ನನ್ನ ತಲೆಯಲ್ಲಿದ್ದ ವಿಚಾರ.

ಫಿಸಿಯೋಥೆರಪಿ ಮಾಡಿಸಲು ಬರುತ್ತಿದ್ದ ಹುಡುಗಿ ಹೇಳಿದಳು: "ಆಂಟಿ, ದಿನಾ ನಡೆಸ್ಬೇಕು ಅವ್ರನ್ನ. ಸಮ ನೆಲ ಇರ್ಬೇಕು, ಮಣ್ಣಾದ್ರೆ ಒಳ್ಳೇದು. ಸ್ವಲ್ಪ ಸ್ವಲ್ಪ ದೂರಕ್ಕೆ ಕೈಯೂರಿ ನಿಲ್ಲೋಕೆ ಏನಾದ್ರೂ ಸಿಗ್ಬೇಕು. ನೀವು ಹಿಡ್ಕೊಂಡೇ ಇದ್ರೆ ಅವ್ರಿಗೆ ಧೈರ್ಯ ಬರಲ್ಲ." ನಮ್ಮ ಬೀದಿಯಲ್ಲಿ ಎಲ್ಲಿಯ ಸಮ ನೆಲ? ಫುಟ್‌ಪಾತಿನ ಮೇಲೆ ಕಾರು, ಕಾರಿನ ಕೆಳಗೆ ನಾಯಿ, ಚರಂಡಿಯ ಮೇಲೆ ಚಪ್ಪಡಿ ಒಂದು ಇದ್ದರೆ ಇನ್ನೊಂದು ಇಲ್ಲ. ಗಟ್ಟಿಮುಟ್ಟಾದವರೇ ಅಲ್ಲಿ ಜೀವ ಕೈಯಲ್ಲಿ ಹಿಡಿದು ನಡೆಯಬೇಕು.

ಆಗ ನೆನಪಾದದ್ದು ಬಡಾವಣೆಯ ಹಿಂದಿನ ಹೊಂಗೆ ಸಾಲು. ನಮ್ಮ ಕೊನೆಯ ಬೀದಿಗೂ ಪಕ್ಕದ ಖಾಸಗಿ ವಿಶ್ವವಿದ್ಯಾಲಯದ ಮುಳ್ಳುತಂತಿಯ ಬೇಲಿಗೂ ನಡುವೆ ಇದ್ದ ಸರ್ಕಾರಿ ಜಾಗ ಅದು. ಯಾವ ಕಾಲದಲ್ಲಿ ಯಾರು ನೆಟ್ಟರೋ, ಮರಗಳು ಅಳೆದು ನಿಲ್ಲಿಸಿದ ಹಾಗೆ ಒಂದೇ ದೂರದಲ್ಲಿ ನಿಂತಿದ್ದವು. ಕೆಳಗೆ ತುಳಿದು ತುಳಿದು ಗಟ್ಟಿಯಾದ ಮಣ್ಣಿನ ದಾರಿ. ಸಾಲು ಮುಗಿಯುವಲ್ಲಿ ಸಣ್ಣ ದಿಬ್ಬ, ದಿಬ್ಬದ ಮೇಲೆ ದೊಡ್ಡ ಅಶ್ವತ್ಥ ಮರ, ಅದರ ಬುಡದಲ್ಲಿ ಕೂರಲು ಒಂದು ಕಲ್ಲು. ಬೆಳಿಗ್ಗೆ ವಾಕಿಂಗ್ ಹೋಗುವವರೆಲ್ಲ ಅಲ್ಲಿಗೇ ಬರುತ್ತಿದ್ದರು. ಯುಗಾದಿಯ ಆಸುಪಾಸಿನಲ್ಲಿ ಹೊಂಗೆ ಹೂವು ಉದುರಿ ದಾರಿ ಮುಚ್ಚಿಹೋಗುತ್ತಿತ್ತು. ಅವರ ಕಾಲು ಜಾರೀತು ಎಂದು ನಾನು ಮನೆಯಿಂದ ಪೊರಕೆ ತಂದು ಗುಡಿಸುತ್ತಿದ್ದೆ, ಈ ಹಾಳು ಹೂವು ಯಾಕಾದರೂ ಬಿಡುತ್ತವೋ ಎಂದು ಗೊಣಗುತ್ತಿದ್ದೆ.

ಮೊದಲ ದಿನ ನನ್ನ ಹೆಗಲ ಮೇಲೆ ಪೂರ್ತಿ ಭಾರ ಹಾಕಿ ಮೊದಲನೆಯ ಮರದವರೆಗೆ ಬಂದರು. ಕಾಂಡಕ್ಕೆ ಬಲಗೈ ಊರಿ, ಏದುಸಿರು ಬಿಡುತ್ತ ನಿಂತು, ತೊದಲುತ್ತ ಹೇಳಿದರು: "ರಾ... ರಾಜಾಜಿನಗರ."

"ಏನ್ರೀ ಅದು?"

"ಸ್ಟಾಪು. ಇಲ್ಲೇ ಹತ್ತೋದು."

ಕಾಯಿಲೆ ತಲೆಗೂ ಏರಿತಲ್ಲಪ್ಪಾ ಎಂದುಕೊಂಡೆ. ಮುಖ ನೋಡಿದರೆ, ಬಾಯಿಯ ನೆಟ್ಟಗಿದ್ದ ಅರ್ಧದಲ್ಲಿ ನಗು. ಅಷ್ಟು ದಿನಗಳ ಮೇಲೆ ಆ ನಗು ಕಂಡದ್ದು. "ಥೂ, ಹೆದರಿಸಿಬಿಟ್ರಲ್ರೀ" ಎಂದೆ, ಅಲ್ಲೇ ನಿಂತು ಅತ್ತುಬಿಟ್ಟೆ.

ಆಮೇಲೆ ಅದೇ ಆಟವಾಯಿತು. ಎರಡನೆಯ ಮರ ಬಸವೇಶ್ವರನಗರ. ಅದರ ಮುಂದಿನದು ಕಾಮಾಕ್ಷಿಪಾಳ್ಯ, ಮನೆಗೆ ಬರುವ ಬಸ್ಸಾದರೂ ಅಲ್ಲಿ ನಾನು "ಇಳೀಲಾ? ಸ್ಕೂಲಿಗೆ ಹೊತ್ತಾಯ್ತು" ಎನ್ನಬೇಕು, ಅವರು "ಇಳಿ, ಇಳಿ, ಬಾಗಿಲಲ್ಲಿ ನಿಲ್ಬೇಡ" ಎನ್ನಬೇಕು. ಆಮೇಲೆ ವಿಜಯನಗರ, ಅತ್ತಿಗುಪ್ಪೆ, ನಾಯಂಡಹಳ್ಳಿ, ರಾಜರಾಜೇಶ್ವರಿನಗರದ ಗೇಟು. ದಿಬ್ಬದ ಮೇಲಿನ ಅಶ್ವತ್ಥ ಕೆಂಗೇರಿ. ಕೆಂಗೇರಿ ಬಂತೆಂದರೆ ಮನೆ ಬಂದ ಹಾಗೆ. ವಿಜಯನಗರದಲ್ಲಿ ಬಸ್ಸು ಬದಲಾಯಿಸಬೇಕಲ್ಲ, ಆದ್ದರಿಂದ ಆ ಮರದ ಕೆಳಗೆ ನಾನು ಹೊತ್ತು ತಂದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದರು. ಏಳಿ ಎಂದರೆ, "ಬಸ್ಸು ಬರ್ಲಿ ಇರೇ, ಏನವಸರ ನಿಂಗೆ?"

ವಾಕಿಂಗಿನವರಿಗೂ ಆಟ ಗೊತ್ತಾಯಿತು. "ಏನ್ ಸಾರ್, ಇವತ್ತು ಎಲ್ಲಿವರ್ಗೂ ಟಿಕೆಟ್ಟು?" ಎಂದು ಕೇಳುವರು. "ಅತ್ತಿಗುಪ್ಪೆ. ಚಿಲ್ರೆ ಇಲ್ಲ" ಎಂದು ಇವರು. ಒಂದೊಂದು ಸ್ಟಾಪು ಮುಂದಕ್ಕೆ ಹೋಗಲು ಒಂದೊಂದು ಹಬ್ಬ ಕಳೆಯಿತು. ಅಷ್ಟರಲ್ಲಿ ನನ್ನ ಹೆಗಲು ಬಿಟ್ಟು, ಒಂದು ಮರದಿಂದ ಇನ್ನೊಂದು ಮರಕ್ಕೆ ಒಬ್ಬರೇ ಕಾಲೆಳೆದುಕೊಂಡು ಹೋಗುವುದನ್ನು ಕಲಿತಿದ್ದರು. ನಾನು ಹಿಂದೆ ಹಿಂದೆ, ಎರಡೂ ಕೈ ಚಾಚಿಕೊಂಡು, ಮುಟ್ಟದೆ.

ಒಂದು ದಿನ ಸ್ಟೂಲಿನ ಮೇಲೆ ಕೂತವರು ನನ್ನನ್ನು ಹತ್ತಿರ ಕರೆದು ಹೇಳಿದರು: "ಕೆಂಗೇರಿವರ್ಗೂ ನಾನೇ ನಡ್ಕೊಂಡು ಹೋಗಿ ಇಳೀತೀನಿ ನೋಡು. ಅವತ್ತಿನಿಂದ ನೀನು ನನ್ನ ಜೊತೆ ಬಾತ್‌ರೂಮಿಗೆ ಬರೋ ಹಾಗಿಲ್ಲ. ಬಾಗಿಲು ಹಾಕಿ ಒಳಗಿಂದ ಚಿಲಕ ಹಾಕ್ಕೋತೀನಿ."

ನಾನು ನಕ್ಕೆ. ಅವರು ನಗಲಿಲ್ಲ. ಹೆಂಡತಿಯ ಕೈಯಲ್ಲಿ ತೊಳೆಸಿಕೊಳ್ಳುವುದು ಆ ಮನುಷ್ಯನನ್ನು ಒಳಗೊಳಗೇ ಎಷ್ಟು ತಿನ್ನುತ್ತಿತ್ತು ಎಂದು ನನಗೆ ಅವತ್ತೇ ತಿಳಿದದ್ದು.

ಆ ಹೊತ್ತಿಗೆ ಶುರುವಾಯಿತು ವಿಶ್ವವಿದ್ಯಾಲಯದ ವಿಸ್ತರಣೆ. ಹೊಸ ಬ್ಲಾಕಂತೆ, ಹಾಸ್ಟೆಲ್ಲಂತೆ, ಪಾರ್ಕಿಂಗಂತೆ. ಸರ್ಕಾರ ಹೊಂಗೆ ಸಾಲಿನ ಜಾಗವನ್ನೂ ಅವರಿಗೇ ಗುತ್ತಿಗೆಗೆ ಕೊಟ್ಟಿದೆಯಂತೆ. ಒಂದು ಬೆಳಿಗ್ಗೆ ನೋಡುತ್ತೇವೆ, ಮರಗಳ ಸೊಂಟಕ್ಕೆಲ್ಲ ಹಳದಿ ಬಣ್ಣದ ಪಟ್ಟಿ. "ಕಂಡಕ್ಟರ್ ಬಂದು ಪಂಚ್ ಹೊಡೆದು ಹೋಗಿದಾನೆ" ಎಂದರು ನಮ್ಮನೆಯವರು. ನನಗೆ ನಗು ಬರಲಿಲ್ಲ.

ಬಡಾವಣೆಯ ಸಂಘದವರು ಗಲಾಟೆ ಮಾಡಿದ ಮೇಲೆ ವಿಶ್ವವಿದ್ಯಾಲಯದವರು ತಮ್ಮ ಸಭಾಂಗಣದಲ್ಲಿ ಒಂದು ಸಭೆ ಕರೆದರು. ಎ.ಸಿ. ಹಾಕಿ, ಬಾದಾಮಿ ಹಾಲು ಕೊಟ್ಟು, ಗೋಡಂಬಿ ಬಿಸ್ಕತ್ತು ಕೊಟ್ಟು ಕೂರಿಸಿದರು. ಪರಿಸರದ ವಿಚಾರ ನೋಡಿಕೊಳ್ಳುವ ಅಧಿಕಾರಿ ಎಂದು ಒಬ್ಬ ಯುವಕ ವೇದಿಕೆಗೆ ಬಂದ. ಒಳ್ಳೆಯ ಕನ್ನಡ, ಒಳ್ಳೆಯ ಇಸ್ತ್ರಿ ಅಂಗಿ, ಎಲ್ಲರಿಗೂ ಕೈಮುಗಿಯುವ ಹುಡುಗ. ಪರದೆಯ ಮೇಲೆ ನಮ್ಮ ಹೊಂಗೆ ಸಾಲಿನದೇ ಚಿತ್ರ ಹಾಕಿದ. ಅದರ ಕೆಳಗೆ ಬಣ್ಣದಲ್ಲಿ ಬರೆದ ಒಬ್ಬ ಅಜ್ಜ, ಒಬ್ಬ ಅಜ್ಜಿ, ಕೈ ಕೈ ಹಿಡಿದುಕೊಂಡು ವಾಕಿಂಗ್.

"ಇದು ಹಿರಿಯರಿಗೋಸ್ಕರ ನಾವು ಮಾಡ್ತಿರೋ ಹಸಿರು ಹಾದಿ" ಎಂದ. "ಈ ಸಾಲಿನ ಒಂದು ಮರಾನೂ ಕಡಿಯಲ್ಲ. ನೀವು ದಿನಾ ಬರೋ ಹಾಗೇ ಬರಬಹುದು. ನಮ್ಮದು ಹಸಿರು ಕ್ಯಾಂಪಸ್."

ನಾನು ಎದ್ದು ನಿಂತೆ. "ಇದನ್ನ ನಂಬಬಹುದೇನಪ್ಪಾ? ಆಮೇಲೆ ಕಿವಿ ಮೇಲೆ ಹೂವಿಡಲ್ಲ ತಾನೇ?"

ಸಭೆಯೆಲ್ಲ ನಕ್ಕಿತು. ಅವನೂ ನಕ್ಕು, ಎದೆಯ ಮೇಲೆ ಕೈಯಿಟ್ಟ. "ನಿಮ್ಮ ಮಗನ ಮಾತು ಅಂತ ಇಟ್ಕೊಳ್ಳಿ ಆಂಟಿ."

ನನ್ನ ಪಕ್ಕದಲ್ಲಿ ಕೂತಿದ್ದ ನಮ್ಮನೆಯವರು ಬಲಗೈಯಿಂದ ತಮ್ಮ ತೊಡೆಯನ್ನು ತಟ್ಟುತ್ತಿದ್ದರು. ಏನಾಯಿತೋ ಎಂದು ಗಾಬರಿಯಾಗಿ ನೋಡಿದೆ. ಚಪ್ಪಾಳೆ ಹೊಡೆಯುತ್ತಿದ್ದರು, ಅಷ್ಟೇ. ಒಂದೇ ಕೈಗೆ ಸಿಕ್ಕಿದ್ದು ತೊಡೆ.

ಮಳೆಗಾಲ ಬರುವುದರೊಳಗೆ ರಾಜಾಜಿನಗರ ಹೋಯಿತು. ಬೆಳಿಗ್ಗೆ ಹೋದಾಗ ಮರ ಇದ್ದ ಜಾಗದಲ್ಲಿ ಬಾವಿಯಂಥ ಗುಂಡಿ, ಸುತ್ತ ಕೆಂಪು ಟೇಪು. ಅಧಿಕಾರಿಗೆ ಫೋನು ಮಾಡಿದರೆ, "ಕಡಿದಿಲ್ಲ ಆಂಟಿ, ಶಿಫ್ಟ್ ಮಾಡಿದೀವಿ. ಒಳಗಡೆ ಹಾಸ್ಟೆಲ್ ಹಿಂದೆ ನೆಟ್ಟಿದೀವಿ. ಬಂದು ನೋಡಿ ಬೇಕಾದ್ರೆ" ಎಂದ. ಹೋಗಿ ನೋಡಿದೆ. ಕೊಂಬೆಯೆಲ್ಲ ಸವರಿ, ಮೈಗೆ ಗೋಣಿ ಸುತ್ತಿ, ನಾಲ್ಕು ಕಡೆಯಿಂದ ಬೊಂಬು ಆನಿಸಿ ನಿಲ್ಲಿಸಿದ್ದರು. ನಮ್ಮನೆಯವರನ್ನು ಆಸ್ಪತ್ರೆಯಲ್ಲಿ ಮೊದಲ ಸಲ ನಿಲ್ಲಿಸಿದಾಗಲೂ ಹೀಗೇ ನಾಲ್ಕು ಜನ ಹಿಡಿದಿದ್ದರು. ಇವರಿಗೆ ಎಲೆ ಚಿಗುರಿತು, ಆ ಮರಕ್ಕೆ ಚಿಗುರಲಿಲ್ಲ.

ನಾನು ಸುಮ್ಮನೆ ಕೂರುವ ಜಾಯಮಾನದವಳಲ್ಲ. ಮರ ಕಡಿಯಲು ಅನುಮತಿ ಕೊಡುವ ಕಚೇರಿಗೆ ಎರಡು ಬಸ್ಸು ಹತ್ತಿ ಹೋದೆ. "ಸ್ಥಳಾಂತರಕ್ಕೆ ಪರ್ಮಿಷನ್ ಇದೆಯಲ್ಲಮ್ಮಾ" ಎಂದರು. ಸಭೆಯಲ್ಲಿ ಮಾತು ಕೊಟ್ಟಿದ್ದರಲ್ಲ ಎಂದೆ. "ಅವ್ರು ಬಾಯಲ್ಲಿ ಹೇಳಿದ್ದಕ್ಕೆಲ್ಲ ನಾವು ಏನ್ ಮಾಡೋಕಾಗುತ್ತೆ? ಸಾಹೇಬ್ರು ಮೀಟಿಂಗಲ್ಲಿದಾರೆ, ಇನ್ನೊಂದಿನ ಬನ್ನಿ." ಇನ್ನೊಂದು ದಿನ ಹೋದೆ, ಮತ್ತೊಂದು ದಿನ ಹೋದೆ. ಸಾಹೇಬರು ಮೀಟಿಂಗಿನಲ್ಲೇ ಹುಟ್ಟಿ ಮೀಟಿಂಗಿನಲ್ಲೇ ಬೆಳೆದವರ ಹಾಗೆ ಹೊರಗೇ ಬರಲಿಲ್ಲ. ಮನೆಗೆ ಬಂದು ಪಾತ್ರೆ ಕುಕ್ಕಿದೆ. "ಹೋಗ್ಲಿ ಬಿಡೇ" ಎಂದರು ಇವರು, "ಇನ್ಮೇಲೆ ಬಸವೇಶ್ವರನಗರದಲ್ಲೇ ಹತ್ತೋಣ." ಆಗ ಅವರು ನಾಯಂಡಹಳ್ಳಿ ಮುಟ್ಟಿದ್ದರು.

ಎದುರು ಮನೆಯಾಕೆ ನನ್ನ ವಾರಿಗೆಯವರೇ, ವಾಕಿಂಗಿನ ಜೊತೆಗಾತಿ. ಒಂದು ಸಂಜೆ ಬಂದು ಕೂತು, "ರೀ ಟೀಚರೇ, ಈ ಅರ್ಜಿ ಗಿರ್ಜಿ ಎಲ್ಲ ಇವ್ರ ಹತ್ರ ನಡಿಯಲ್ಲ" ಎಂದರು. "ಅಶ್ವತ್ಥ ಮರಕ್ಕೆ ಅರಿಶಿನ ಕುಂಕುಮ ಹಚ್ಚಿ, ಬುಡದಲ್ಲಿ ಒಂದು ನಾಗರಕಲ್ಲು ಕೂರಿಸ್ಬಿಡೋಣ. ಆಮೇಲೆ ಯಾವನು ಕೈ ಹಾಕ್ತಾನೋ ನೋಡೇಬಿಡೋಣ!"

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಉಪಾಯ. ರಸ್ತೆ ಅಗಲ ಮಾಡಲು ಬಂದವರು ಮನೆ ಒಡೆಯುತ್ತಾರೆ, ಅಂಗಡಿ ಒಡೆಯುತ್ತಾರೆ; ಕುಂಕುಮ ಬಿದ್ದ ಮರ ಕಂಡರೆ ಡಾಂಬರನ್ನೇ ಸುತ್ತುಹಾಕಿಸಿಕೊಂಡು ಹೋಗುತ್ತಾರೆ. ಎಷ್ಟೋ ರಸ್ತೆಗಳ ನಡುವೆ ಅಂಥ ಮರಗಳು ಇವತ್ತಿಗೂ ನಿಂತಿವೆ. ಸಂಘದ ಅಧ್ಯಕ್ಷರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು, ಏನೇ ಹೇಳಲಿ "ಆತ್ಮೀಯರೇ" ಎಂದೇ ಶುರುಮಾಡುವವರು. ಅವರಿಗೂ ಇದು ಬಹಳ ಹಿಡಿಸಿತು.

ದೇವಸ್ಥಾನದ ಭಟ್ಟರು ಮುಹೂರ್ತ ನೋಡಲು ಬಂದಾಗ ನಾನು ಕೇಳಿದೆ: "ಹೊಂಗೆ ಮರಗಳಿಗೂ ಹಚ್ಚಿಬಿಡೋಣ, ಎಲ್ಲಕ್ಕೂ ಸ್ವಲ್ಪ ಸ್ವಲ್ಪ."

ಭಟ್ಟರು ನಕ್ಕರು. "ಹೊಂಗೆಗೆ ಯಾರಮ್ಮಾ ಪೂಜೆ ಮಾಡ್ತಾರೆ? ಬೇವಾಗಿದ್ರೆ ಅಶ್ವತ್ಥನ ಜೊತೆ ಮದುವೆನಾದ್ರೂ ಮಾಡಿಸ್ಬಹುದಿತ್ತು."

"ಅಲ್ಲಾ ಟೀಚರೇ, ದೇವರು ಅಂತ ಒಂದು ಅಲ್ಲಿದ್ದ ಮೇಲೆ, ಹೋಗೋಕೆ ದಾರಿ ಇರ್ಲೇಬೇಕಲ್ಲ?" ಎಂದರು ಎದುರು ಮನೆಯಾಕೆ. "ಸಾಲಿಗೆ ಏನೂ ಆಗಲ್ಲ ಬಿಡಿ." ಎಲ್ಲರೂ ಹೌದು ಹೌದು ಎಂದರು. ನನಗೂ ಸರಿಯೆನಿಸಿತು. ದೇವರ ಮರ ಉಳಿದರೆ ದಾರಿಯ ಮರವೂ ಉಳಿದ ಹಾಗೇ ಎಂದು ನಾವೆಲ್ಲ ನಂಬಿದೆವು.

ಪೂಜೆಯ ದಿನ ಬಡಾವಣೆಯ ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟು ಬಂದರು. ಅಶ್ವತ್ಥದ ಕಾಂಡಕ್ಕೆ ಅರಿಶಿನ ಬಳಿದು, ದಾರ ಸುತ್ತಿ, ನಾಗರಕಲ್ಲಿಗೆ ಹಾಲೆರೆದೆವು. ಅವತ್ತು ನಮ್ಮನೆಯವರಿಗೆ ಎಲ್ಲಿಂದ ಬಂತೋ ಹುರುಪು, ರಾಜರಾಜೇಶ್ವರಿನಗರದ ಗೇಟಿನವರೆಗೆ, ಎಂದರೆ ಕೊನೆಯ ಹೊಂಗೆಯವರೆಗೆ, ಒಬ್ಬರೇ ಬಂದುಬಿಟ್ಟರು. ಅಲ್ಲಿಂದ ಮೇಲೆ ದಿಬ್ಬವೊಂದೇ. "ಕೈ ಹಿಡ್ಕೊಳ್ಳಿ ಸಾರ್, ಹತ್ತಿಸ್ತೀವಿ" ಎಂದು ಜನ ಕೈ ಚಾಚಿದರು. ಅವರು ತಲೆಯಲ್ಲಾಡಿಸಿ ಮರಕ್ಕೆ ಒರಗಿ ನಿಂತರು. ನಾನು ಕೋಸಂಬರಿ, ಪೊಂಗಲ್ ತೆಗೆದುಕೊಂಡು ಹೋಗಿ ಅಲ್ಲೇ ಕೊಟ್ಟೆ.

"ಒಂದೇ ಸ್ಟಾಪು ಕಣೇ" ಎಂದರು ಪೊಂಗಲ್ ತಿನ್ನುತ್ತ. "ಗೌರಿ ಹಬ್ಬದ ದಿನ ಇಳೀತೀನಿ."

ಅಷ್ಟರಲ್ಲಿ ವಿಶ್ವವಿದ್ಯಾಲಯದ ಆ ಯುವಕ ಬಂದ. ಶೂ ಬಿಚ್ಚಿಟ್ಟು, ಬರಿಗಾಲಲ್ಲಿ ದಿಬ್ಬ ಹತ್ತಿ, ಮರಕ್ಕೆ ಅಡ್ಡಬಿದ್ದು, ತೀರ್ಥ ತೆಗೆದುಕೊಂಡ. "ಇನ್ಮೇಲೆ ಇದು ನಮ್ಮ ಕ್ಯಾಂಪಸ್ಸಿನ ದೇವರು. ಕಟ್ಟೆ ನಾವೇ ಕಟ್ಟಿಸ್ಕೊಡ್ತೀವಿ" ಎಂದ. ಅಧ್ಯಕ್ಷರು "ಆತ್ಮೀಯರೇ, ನಾವು ಗೆದ್ದೆವು" ಎಂದು ಭಾಷಣ ಮಾಡಿದರು. ಹೆಂಗಸರು ಆರತಿ ಎತ್ತಿದರು. ಆ ಹುಡುಗನ ಹಣೆಗೆ ಕುಂಕುಮ ಇಟ್ಟವಳು ನಾನೇ.

ಗೌರಿ ಹಬ್ಬದ ಬೆಳಿಗ್ಗೆ. ನಮ್ಮನೆಯವರಿಗೆ ಬೇಗ ಸ್ನಾನ ಮಾಡಿಸಿ, ಹೊಸ ಪಂಚೆ ಉಡಿಸಿ, ಜಗಲಿಯ ಕುರ್ಚಿಯಲ್ಲಿ ಕೂರಿಸಿದ್ದೆ. ಪೂಜೆ ಮುಗಿದೊಡನೆ ಕೆಂಗೇರಿಗೆ ಹೊರಡುವುದೆಂದು ಮಾತಾಗಿತ್ತು. ನಾನು ಅರಿಶಿನದ ಗೌರಿ ಮಾಡಲು ಬಟ್ಟಲಲ್ಲಿ ಅರಿಶಿನ ಕಲಸುತ್ತಿದ್ದೆ. ಆಗ ಶುರುವಾಯಿತು ಸದ್ದು. ಮೊದಲು ಯಾರದೋ ಮಿಕ್ಸಿ ಎಂದುಕೊಂಡೆ. ಹೊರಗಿನಿಂದ ಇವರು "ಇವಳೇ, ಇವಳೇ" ಎಂದು ಕೂಗಿದರು. ಜೀವಮಾನವಿಡೀ ಮೆಷಿನ್ನಿನ ಜೊತೆ ಬಾಳಿದ ಕಿವಿ. ಏನು ಕೊಯ್ಯುತ್ತಿದ್ದಾರೆ ಎಂದು ಅವರಿಗೆ ಕೂಡಲೇ ತಿಳಿದಿತ್ತು.

ಬಟ್ಟಲು ಹಿಡಿದೇ ಓಡಿದೆ. ಚಪ್ಪಲಿಯೂ ಇಲ್ಲ. ಹಬ್ಬಕ್ಕೆ ಸಾಲು ರಜೆ, ಕಚೇರಿಗಳೆಲ್ಲ ಬಂದ್, ಬಡಾವಣೆಯ ಜನವೆಲ್ಲ ಅಡುಗೆ ಮನೆಯಲ್ಲಿ. ಇದನ್ನೆಲ್ಲ ಲೆಕ್ಕ ಹಾಕಿಯೇ ಬಂದಿದ್ದರು. ನಾನು ಹೋಗುವಷ್ಟರಲ್ಲಿ ಬಸವೇಶ್ವರನಗರ, ಕಾಮಾಕ್ಷಿಪಾಳ್ಯ, ವಿಜಯನಗರ ನೆಲದ ಮೇಲೆ ಬಿದ್ದಿದ್ದವು. ಮರ ಕತ್ತರಿಸುವ ಮೆಷಿನ್ ಅತ್ತಿಗುಪ್ಪೆಯ ಹತ್ತಿರ ಬಂದಿತ್ತು. ನನಗೆ ಏನಾಯಿತೋ, ಬಟ್ಟಲಿನ ಅರಿಶಿನವನ್ನೆಲ್ಲ ಬಾಚಿ ಆ ಮರದ ಮೈಗೆ ಬಳಿದೆ. "ಇದೂ ದೇವರೇ ಕಣ್ರೋ! ಇದಕ್ಕೂ ಅರಿಶಿನ ಇದೆ, ನೋಡ್ರೋ!" ಎಂದು ಕಿರುಚಿದೆ.

ಕೆಲಸದವನು ಮೆಷಿನ್ ಆರಿಸಿ, ಪಾಪ, ನನ್ನ ಮುಖ ನೋಡಿದ. "ಅಮ್ಮಾ, ಸೈಡಿಗೆ ಬನ್ನಿ. ಕೊಂಬೆ ಮೈ ಮೇಲೆ ಬೀಳುತ್ತೆ" ಎಂದ. ಇಬ್ಬರು ಸೆಕ್ಯುರಿಟಿ ಹೆಂಗಸರು ಬಂದು ನನ್ನ ರಟ್ಟೆ ಹಿಡಿದು, "ಬನ್ನಿ ಆಂಟಿ, ಬನ್ನಿ" ಎನ್ನುತ್ತ ಪಕ್ಕಕ್ಕೆ ಎಳೆದರು. ಅವರ ಸಮವಸ್ತ್ರಕ್ಕೆಲ್ಲ ಅರಿಶಿನ ಮೆತ್ತಿಕೊಂಡಿತು. ಅತ್ತಿಗುಪ್ಪೆ ಬಿತ್ತು, ಆಮೇಲೆ ಉಳಿದವೂ ಬಿದ್ದವು. ದಿಬ್ಬದ ಮೇಲೆ ಅಶ್ವತ್ಥ ಮಾತ್ರ ಕುಂಕುಮ ಇಟ್ಟುಕೊಂಡು ನಿಂತಿತ್ತು.

ಅಲ್ಲಿಂದಲೇ ಆ ಹುಡುಗನಿಗೆ ಫೋನು ಮಾಡಿದೆ. "ಹಬ್ಬದ ಶುಭಾಶಯ ಆಂಟಿ" ಎಂದ.

"ನಿನ್ನ ಶುಭಾಶಯಕ್ಕೆ ಬೆಂಕಿ ಬೀಳ! ಒಂದು ಮರಾನೂ ಕಡಿಯಲ್ಲ ಅಂದಿದ್ಯಲ್ಲೋ!"

"ಆಂಟಿ, ಸಮಾಧಾನ ಮಾಡ್ಕೊಳ್ಳಿ. ಮೊದಲ ಪ್ಲಾನಲ್ಲಿ ಪಾರ್ಕಿಂಗು ದಿಬ್ಬದ ಹತ್ರ ಇತ್ತು. ನೀವೆಲ್ಲ ಅಶ್ವತ್ಥ ಮರ ಬೇಕು ಅಂದ್ರಿ. ಅದನ್ನ ಉಳಿಸೋಕೆ ಪಾರ್ಕಿಂಗನ್ನ ಈ ಕಡೆ ತರಬೇಕಾಯ್ತು. ನಿಮಗೋಸ್ಕರಾನೇ ಪ್ಲಾನ್ ಬದಲಾಯಿಸಿದ್ದು. ನೀವು ಪೂಜೆ ಮಾಡಿದ್ದು ಅದೊಂದು ಮರಕ್ಕೆ ತಾನೇ?"

ಫೋನು ಇಟ್ಟೆ.

ಮನೆಗೆ ಬಂದಾಗ ಇವರು ಜಗಲಿಯಲ್ಲಿ ಹೊಸ ಪಂಚೆಯಲ್ಲಿ ಹಾಗೇ ಕೂತಿದ್ದರು. ನನ್ನ ಅರಿಶಿನದ ಕೈ ನೋಡಿದರು, ಬರಿಗಾಲು ನೋಡಿದರು.

"ಸ್ಟ್ರೈಕಾ?" ಎಂದರು.

"ಹೂಂ."

"ಎಷ್ಟು ದಿನ ಅಂತೆ?"

ನಾನು ಒಳಗೆ ಹೋಗಿ ನಲ್ಲಿ ತಿರುಗಿಸಿದೆ. ಅವತ್ತು ನಮ್ಮ ಮನೆಯಲ್ಲಿ ಗೌರಿ ಕೂರಲಿಲ್ಲ.

ಆಮೇಲೆ ನಾನು ಬಡಿದಾಡಲಿಲ್ಲ ಎಂದಲ್ಲ. ವಕೀಲರ ಹತ್ತಿರ ಹೋದೆ. "ಮರ ಬಿದ್ದಾಯ್ತಲ್ಲ ತಾಯಿ, ಈಗ ಕೋರ್ಟಿನ ಹತ್ರ ಏನಂತ ಕೇಳೋಣ? ಮತ್ತೆ ನಿಲ್ಸಿ ಅಂತಲೇ?" ಎಂದರು. ಅನುಮತಿ ಕೊಡುವ ಕಚೇರಿಯಲ್ಲಿ, ಕಡಿದದ್ದಕ್ಕೆ ಬದಲಾಗಿ ಹತ್ತು ಪಟ್ಟು ಸಸಿ ನೆಟ್ಟಿದ್ದಾರೆ, ಎಲ್ಲ ಸರಿಯಾಗಿದೆ ಎಂದರು. ಎಲ್ಲಿ ಎಂದು ಕೇಳಿದರೆ ಮಾಗಡಿ ರಸ್ತೆಯಲ್ಲಿ ಬಹಳ ಮುಂದೆ ಒಂದು ಬಯಲು. ಎದುರು ಮನೆಯಾಕೆಯನ್ನು ಕರೆದುಕೊಂಡು ಆಟೋ ಮಾಡಿಕೊಂಡು ಅಲ್ಲಿಗೂ ಹೋದೆ. ಸಾಲಾಗಿ ಕಡ್ಡಿಗಳಿದ್ದವು. ಕಡ್ಡಿಗಳ ನಡುವೆ ಮೇಕೆಗಳು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನಂದೇ ತಪ್ಪು ಟೀಚರೇ, ನಾನೇ ಎಲ್ಲರ ತಲೆಗೂ ತುಂಬಿದ್ದು" ಎಂದು ಅತ್ತರು. "ಸುಮ್ನಿರ್ರೀ, ನಾವೆಲ್ಲ ಸೇರಿ ಆರತಿ ಎತ್ತಿದ್ದಲ್ವೇ" ಎಂದೆ.

ಸಂಘದ ಅಧ್ಯಕ್ಷರ ಬಾಯಲ್ಲಿ ಬೇರೆ ರಾಗ ಬಂದಿತ್ತು. "ಬಿಡಿಮ್ಮಾ, ದೊಡ್ಡವರ ಜೊತೆ ಎಷ್ಟು ದಿನ ಅಂತ ಗುದ್ದಾಡ್ತೀರಿ? ದೇವರ ಮರವನ್ನಾದ್ರೂ ಉಳಿಸಿದಾರೆ. ಅದಕ್ಕೆ ಕೃತಜ್ಞತೆ ಇರಬೇಕು." ಕೃತಜ್ಞತೆಯಂತೆ! ಮೈಯೆಲ್ಲ ಉರಿದುಹೋಯಿತು. ಆದರೆ ಬಡಾವಣೆಯ ಜನಕ್ಕೆ ಬೇರೆ ತಾಪತ್ರಯಗಳಿದ್ದವು. ವಾಕಿಂಗಿನವರು ಮೆಟ್ರೋ ಹತ್ತಿ ಬೇರೆ ಪಾರ್ಕು ಹುಡುಕಿಕೊಂಡರು. ನಡೆಯಲು ಬರುವವರಿಗೆ ನಡೆಯುವ ಜಾಗ ಎಲ್ಲಾದರೂ ಸಿಗುತ್ತದೆ.

ನಮ್ಮನೆಯವರನ್ನು ಒಂದು ಸಲ ಬೀದಿಯಲ್ಲೇ ನಡೆಸಿ ನೋಡಿದೆ. ನಿಂತ ಕಾರಿಗೆ ಕೈ ಊರಿದರೆ ಅದು ಕೊಂಯ್ ಕೊಂಯ್ ಎಂದು ಅರಚಿಕೊಂಡಿತು. ಬೆಚ್ಚಿ ಪಕ್ಕಕ್ಕೆ ಸರಿದರು, ಸ್ಕೂಟರೊಂದು ಉಜ್ಜಿಕೊಂಡೇ ಹೋಯಿತು. ಅಲ್ಲೇ ಚರಂಡಿಯ ಪಕ್ಕ ಕುಸಿದು ಕೂತರು. ಮನೆಗೆ ಕರೆತಂದು ಮಲಗಿಸಿದೆ. ಮರುದಿನ ಏಳಿ ಎಂದರೆ "ಏ... ಬೇಡ" ಎಂದರು. ಅದರ ಮರುದಿನವೂ ಬೇಡ. ಫಿಸಿಯೋಥೆರಪಿ ಹುಡುಗಿ ಬಂದು ಕಾಲು ಅದುಮಿ ನೋಡಿ, "ಬಿಗಿಯಾಗ್ತಾ ಇದೆ ಆಂಟಿ" ಎಂದಳು. ಅವಳ ಮೇಲೆ ರೇಗಿದೆ. ಅವಳೇನು ಮಾಡಿದ್ದಳು ಪಾಪ.

ಮುಂದಿನ ವರ್ಷ ಹೊಸ ಬ್ಲಾಕಿನ ಉದ್ಘಾಟನೆಗೆ ಕರೆ ಬಂತು. ಆ ಯುವಕನೇ ಮನೆಗೆ ಬಂದು, ಬಡಾವಣೆಯ ಪರಿಸರಪ್ರೇಮಿ ಹಿರಿಯರಿಗೆ ಸನ್ಮಾನ ಇದೆ, ಅಂಕಲ್ ಮತ್ತು ಆಂಟಿ ಇಬ್ಬರೂ ಬರಲೇಬೇಕು ಎಂದ. ಅವನ ಮುಖದ ಮೇಲೇ ಬಾಗಿಲು ಹಾಕಬೇಕೆಂದಿದ್ದೆ. ಒಳಗಿನಿಂದ ಇವರ ದನಿ ಕೇಳಿತು: "ಕೆಂಗೇರಿ... ನೋಡ್ಬೇಕು."

ಬ್ಯಾಟರಿ ಗಾಡಿ ಕಳಿಸಿದ್ದರು. ಅವರನ್ನು ಎತ್ತಿ ಅದರಲ್ಲಿ ಕೂರಿಸಿದೆವು. ಹೊಂಗೆ ಸಾಲಿದ್ದ ಜಾಗದಲ್ಲಿ ಸಿಮೆಂಟ್ ಇಟ್ಟಿಗೆ ಹಾಸಿ, ಬಿಳಿ ಗೆರೆ ಎಳೆದು, ಕಾರು ನಿಲ್ಲಿಸಿದ್ದರು. ಗಾಡಿ ಸದ್ದಿಲ್ಲದೆ ಹೋಗುತ್ತಿತ್ತು. ಇವರು ಬಲಗೈಯನ್ನು ಹೊರಗೆ ಚಾಚಿ, "ಬಸವೇಶ್ವರ... ಅಲ್ಲ... ಇದು..." ಎಂದು ಹುಡುಕಿದರು. ಎಲ್ಲ ಕಡೆ ಒಂದೇ ಥರದ ಕಾರುಗಳು. ಎಲ್ಲಿ ವಿಜಯನಗರ, ಎಲ್ಲಿ ಅತ್ತಿಗುಪ್ಪೆ ಎಂದು ನನಗೂ ಹೇಳಲಾಗಲಿಲ್ಲ. ಕೈಯನ್ನು ಒಳಗೆ ತೆಗೆದುಕೊಂಡರು.

ಅಶ್ವತ್ಥಕ್ಕೆ ಕರಿಕಲ್ಲಿನ ಕಟ್ಟೆ ಕಟ್ಟಿಸಿದ್ದರು. ದಿಬ್ಬವನ್ನು ಕೊರೆದು ಗಾಡಿ ಹತ್ತಲು ಇಳಿಜಾರು ಮಾಡಿದ್ದರು. ಬುಡದವರೆಗೂ ನುಣುಪಾದ ಗ್ರಾನೈಟು, ಸುತ್ತ ಸ್ಟೀಲಿನ ಕಂಬಿ. ನೀರು ಇಳಿಯಲು ಅಂಗೈಯಷ್ಟು ಮಣ್ಣು ಬಿಟ್ಟಿರಲಿಲ್ಲ. ಮೇಲಿನ ಕೊಂಬೆಗಳು ಆಗಲೇ ಬೋಳಾಗಿದ್ದವು. ಪಕ್ಕದ ಫಲಕದಲ್ಲಿ, ಕೊಟ್ಟ ಮಾತಿನಂತೆ ಸಂರಕ್ಷಿಸಲಾದ ಮರ ಎಂದು ಬರೆಸಿದ್ದರು.

ಇವರ ತಲೆಗೆ ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟರು. ಪೇಟ ದೊಡ್ಡದಾಗಿ ಕಣ್ಣಿನವರೆಗೂ ಇಳಿಯಿತು. "ಅಂಕಲ್, ಇಳಿದು ಮರದ ಹತ್ರ ಒಂದು ಫೋಟೋ" ಎಂದು ಆ ಹುಡುಗ ಕೈ ಕೊಟ್ಟ. ಇವರು ಗಾಡಿಯ ಕಂಬಿಯನ್ನು ಬಲಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡರು. ಇಳಿಯಲಿಲ್ಲ. ಏನೋ ಹೇಳಿದರು. ತೊದಲು ಹೆಚ್ಚಾಗಿತ್ತು, ಯಾರಿಗೂ ತಿಳಿಯಲಿಲ್ಲ. ಹುಡುಗ ಮೈಕನ್ನು ನನ್ನ ಮುಂದೆ ಹಿಡಿದು, "ಏನಂದ್ರು ಆಂಟಿ ಅಂಕಲ್ಲು?" ಎಂದು ನಗುತ್ತ ಕೇಳಿದ.

"ನಡ್ಕೊಂಡು ಬರ್ಬೇಕಿತ್ತು ಅಂದ್ರು" ಎಂದೆ. "ಇದು ಕೆಂಗೇರಿ ಅಲ್ಲ, ನನ್ನನ್ನ ಮನೆಗೆ ಕರ್ಕೊಂಡು ಹೋಗು ಅಂದ್ರು."

ಜನ ಜೋರಾಗಿ ಚಪ್ಪಾಳೆ ಹೊಡೆದರು. ಅವರಿಗೆ ಏನು ಕೇಳಿಸಿತೋ ನನಗೆ ಗೊತ್ತಿಲ್ಲ.

ಆ ಪೇಟ ನಮ್ಮ ಅಟ್ಟದ ಮೇಲಿದೆ. ಒಂದೆರಡು ಸಲ ಮನೆಯೊಳಗೇ ಆಟ ಶುರುಮಾಡಲು ನೋಡಿದೆ. ಫ್ರಿಜ್ಜನ್ನು ತಟ್ಟಿ "ರೀ, ರಾಜಾಜಿನಗರ, ಹತ್ತಿ ಬೇಗ" ಎಂದೆ. ಅವರು "ಬೇಡ ಕಣೇ" ಎಂದರು. ಬೈಯಬೇಕೆನ್ನಿಸಿತು. ಬೈಯಲಾಗಲಿಲ್ಲ.

ಇವತ್ತೂ ಬೆಳಿಗ್ಗೆ ಬಾತ್‌ರೂಮಿಗೆ ನಾನೇ ಎತ್ತಿಕೊಂಡಂತೆ ಕರೆದುಕೊಂಡು ಹೋದೆ. ಬಾಗಿಲು ತೆರೆದೇ ಇತ್ತು. ನಾನು ನೀರು ಹಾಕುವಾಗ ಅವರು ಎಂದಿನ ಹಾಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.